ಜನರೇಟರ್ ಇರಿಸಿಕೊಂಡವರ ಹೊಣೆ: ಇಂಟರ್‌ಲಾಕ್ ಇಲ್ಲದ ಜೋಡಣೆ ಸಲ್ಲದು

ಬೆಳ್ಳಾರೆ, ನಿಂತಿಕಲ್ಲು, ಪಂಜ, ಸುಳ್ಯ ಭಾಗದ ಯಾವುದೇ ವರ್ತಕರನ್ನಾಗಲಿ ಸಣ್ಣ ಉದ್ದಿಮೆದಾರರನ್ನಾಗಲಿ ವ್ಯವಹಾರಕ್ಕಿರುವ ಅಡಚಣೆ ಏನೆಂದು ಕೇಳಿದರೆ ಬರುವ ಉತ್ತರಗಳಲ್ಲಿ ವಿದ್ಯುತ್ ವ್ಯತ್ಯಯಕ್ಕೆ ಮೊದಲ ಸಾಲಿನಲ್ಲಿಯೇ ಸ್ಥಾನವಿರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನಿಂದ ಆರಂಭವಾಗಿ ಮುಂಗಾರು ಮುಗಿಯುವ ತನಕ ಕಾಡು ಮತ್ತು ತೋಟಗಳ ನಡುವೆ ಹಾದುಬರುವ ತಂತಿಯ ಮೇಲೆ ಮರವೋ ಕೊಂಬೆಯೋ ಅಡಿಕೆಯ ಸೋಗೆಯೋ ಬೀಳುತ್ತಲೇ ಇರುತ್ತದೆ. ಬೆಳ್ಳಾರೆಯ ವಿದ್ಯುತ್ ದೂರು 2016ರಲ್ಲಿ ಅಂದಿನ ಇಂಧನ ಸಚಿವರ ದೂರವಾಣಿಯವರೆಗೂ ಹೋಗಿ, ಅಲ್ಲಿಂದ ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳ ಮೆಟ್ಟಿಲು ಹತ್ತಿದುದನ್ನು ಇಲ್ಲಿ ಯಾರೂ ಮರೆತಿಲ್ಲ.

ದೂರುಗಳ ಫಲಕ್ಕೆ ಕಾಯುತ್ತಾ ಕುಳಿತುಕೊಳ್ಳಲಾಗದೆ ನಮ್ಮವರು ತಮ್ಮದೇ ಪರಿಹಾರವನ್ನು ಕಂಡುಕೊಂಡರು. ಎಣ್ಣೆ ಗಿರಣಿ, ಹಿಟ್ಟಿನ ಗಿರಣಿ, ಬೇಕರಿ, ವೆಲ್ಡಿಂಗ್ ಶಾಪ್, ಮುದ್ರಣಾಲಯ, ಪೆಟ್ರೋಲ್ ಪಂಪ್, ಔಷಧದ ಅಂಗಡಿ, ಕಲ್ಯಾಣ ಮಂಟಪ ಹೀಗೆ ಎಲ್ಲೆಡೆ ಜನರೇಟರ್ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಚಾವಣಿಯ ಮೇಲೆ ಸೌರ ಫಲಕಗಳೂ ಬರತೊಡಗಿವೆ. ಇದು ತಪ್ಪೇನೂ ಅಲ್ಲ. ಆದರೆ ಜನರೇಟರನ್ನು ಖರೀದಿಸುವಾಗ ಅದರ ಕೆ.ವಿ.ಎ., ಡೀಸೆಲ್ ಖರ್ಚು, ಶಬ್ದ ಇವುಗಳನ್ನು ವಿಚಾರಿಸುವ ನಾವು, ಅದನ್ನು ಮೆಸ್ಕಾಂ ಸರಬರಾಜಿನೊಂದಿಗೆ ಜೋಡಿಸುವ ಆ ಒಂದು ಸ್ವಿಚ್ಚಿನ ಬಗ್ಗೆ ಏನನ್ನೂ ವಿಚಾರಿಸುವುದಿಲ್ಲ. ನಮ್ಮ ಅಂಗಡಿಯಿಂದ ಬಹುದೂರದಲ್ಲಿ ಕಂಬವೇರಿ ನಿಂತ ಲೈನ್‌ಮನ್ನರ ಪ್ರಾಣ ಆ ಸ್ವಿಚ್ಚನ್ನೇ ಅವಲಂಬಿಸಿದೆ ಎಂಬುದು ಈ ಲೇಖನದ ವಿಷಯ.

ಹಿಮ್ಮುಖವಾಗಿ ಹರಿಯುವ ವಿದ್ಯುತ್

ನಮ್ಮ ಊರಿನ ಕಂಬದ ಮೇಲಿರುವ ಪರಿವರ್ತಕ, ಅಂದರೆ ನಾವು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರ್, 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಇಳಿಸುವುದೇ ಅದರ ಸ್ವಭಾವವೆಂದು ಅನೇಕರ ಭಾವನೆ. ಆದರೆ ಪರಿವರ್ತಕಕ್ಕೆ ಮೇಲೆ-ಕೆಳಗೆ ಎಂಬ ಭೇದವಿಲ್ಲ. ಕೆಳಗಿನ ಸುರುಳಿಗೆ ವಿದ್ಯುತ್ ಕೊಟ್ಟರೆ ಅದೇ ಅನುಪಾತದಲ್ಲಿ ಮೇಲಿನ ಸುರುಳಿಯಲ್ಲಿ ಏರಿಸಿ ಕೊಡುತ್ತದೆ. ಈ ಅನುಪಾತ ಸುಮಾರು 25. ಆದ್ದರಿಂದ ನಮ್ಮ ಘಟಕದ 415 ವೋಲ್ಟಿನ ಜನರೇಟರ್ ಮೆಸ್ಕಾಂನ ತಂತಿಗೆ ಸೇರಿಹೋದರೆ, ಪರಿವರ್ತಕದ ಮೇಲ್ಬದಿಯಲ್ಲಿ ಸುಮಾರು 10,500 ವೋಲ್ಟ್ ಹುಟ್ಟಿಕೊಳ್ಳುತ್ತದೆ. ಕೈಯಲ್ಲಿ ಎತ್ತಿ ಒಯ್ಯಬಹುದಾದ 230 ವೋಲ್ಟಿನ ಸಣ್ಣ ಜನರೇಟರ್ ಕೂಡ ಒಂದು ಸುರುಳಿಯ ಮೂಲಕ ಎರಡು ಹೈಟೆನ್ಷನ್ ತಂತಿಗಳ ನಡುವೆ ಸುಮಾರು 10,000 ವೋಲ್ಟನ್ನು ನಿಲ್ಲಿಸಬಲ್ಲದು.

ಇಂತಹ ಸಣ್ಣ ಯಂತ್ರಕ್ಕೆ ಊರಿಗೆಲ್ಲ ವಿದ್ಯುತ್ ಕೊಡುವ ಶಕ್ತಿಯಿಲ್ಲ, ಹೊರೆ ಬಿದ್ದೊಡನೆ ಅದು ನಿಂತುಹೋಗುತ್ತದೆ ಎಂದು ಹೇಳುವವರಿದ್ದಾರೆ. ಪೇಟೆಯ ನಡುವಿನ ಪರಿವರ್ತಕದಲ್ಲಿ ಬಹುಮಟ್ಟಿಗೆ ಹಾಗೆಯೇ ಆದೀತು. ಆದರೆ ನಮ್ಮ ಭಾಗದಲ್ಲಿ 25 ಕೆ.ವಿ.ಎ.ಯ ಒಂದು ಪರಿವರ್ತಕಕ್ಕೆ ಕೆಲವೇ ಮನೆಗಳು ಮತ್ತು ತೋಟದ ಪಂಪುಗಳು ಸೇರಿರುವುದುಂಟು. ವಿದ್ಯುತ್ ಹೋದೊಡನೆ ಪಂಪುಗಳ ಸ್ಟಾರ್ಟರ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಆ ಹೊರೆಯೂ ಇಲ್ಲವಾಗುತ್ತದೆ. ಮೇಲ್ಬದಿಯಲ್ಲಿ ದುರಸ್ತಿಗಾಗಿ ಸ್ವಿಚ್ ತೆರೆದಿರುವಾಗ ಜನರೇಟರಿಗೆ ಎದುರಾಗುವುದು ಪರಿವರ್ತಕದ ಅಲ್ಪ ಕಾಂತೀಯ ಪ್ರವಾಹ, ನಾಲ್ಕಾರು ದೀಪ ಮತ್ತು ತುಂಡು ತಂತಿ ಮಾತ್ರ. ಅಷ್ಟನ್ನು ಅದು ನಿರಾಯಾಸವಾಗಿ ಹೊತ್ತೀತು. ಲೈನ್‌ಮನ್ ಕೈಯಿಡುವುದು ಆ ತುಂಡು ತಂತಿಯ ಮೇಲೆಯೇ. ಒಂದು ವೇಳೆ ಯಂತ್ರ ನಿಂತುಹೋಗುವುದಿದ್ದರೂ ಅದಕ್ಕೆ ಕ್ಷಣಕಾಲ ಬೇಕು. ಮನುಷ್ಯನ ಪ್ರಾಣ ಹೋಗಲು ಅಷ್ಟು ಕಾಲವೂ ಬೇಡ.

ಇನ್ನೊಂದು ಅಪಾಯ ನಮ್ಮ ಸೊತ್ತಿಗೇ ಸಂಬಂಧಿಸಿದ್ದು. ಜನರೇಟರ್ ತಂತಿಗೆ ಸೇರಿಕೊಂಡಿರುವಾಗಲೇ ಮೆಸ್ಕಾಂ ವಿದ್ಯುತ್ ಮರಳಿ ಬಂದರೆ, ತಾಳ ಹೊಂದದ ಎರಡು ಮೂಲಗಳು ಡಿಕ್ಕಿಯಾಗುತ್ತವೆ. ಎರಡು ವಿದ್ಯುತ್ ವ್ಯವಸ್ಥೆಗಳನ್ನು ಕೂಡಿಸುವುದು ಎಷ್ಟು ಎಚ್ಚರಿಕೆಯ ಕಾರ್ಯವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ನಿದರ್ಶನವಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣ ಜಾಲವನ್ನು ದೇಶದ ಉಳಿದ ಜಾಲಕ್ಕೆ ಜೋಡಿಸುವಾಗ ಎರಡೂ ಬದಿಯ ವೋಲ್ಟೇಜ್, ಆವರ್ತನ ಮತ್ತು ಅಲೆಯ ಸ್ಥಾನ ಹೊಂದಿದ ಬಳಿಕವೇ ಬ್ರೇಕರನ್ನು ಮುಚ್ಚಬೇಕಾಗಿತ್ತು. ದೇಶದ ಜಾಲಕ್ಕೆ ಅನ್ವಯಿಸುವ ಈ ನಿಯಮ ನಮ್ಮ ಗಿರಣಿಯ 30 ಕೆ.ವಿ.ಎ. ಜನರೇಟರಿಗೂ ಅನ್ವಯಿಸುತ್ತದೆ. ಹೊಂದಾಣಿಕೆಯಿಲ್ಲದೆ ಕೂಡಿದರೆ ಸುರುಳಿ ಸುಡಬಹುದು, ಎಂಜಿನ್ನಿಗೂ ಆಲ್ಟರ್ನೇಟರಿಗೂ ನಡುವಿನ ಕಪ್ಲಿಂಗ್ ತುಂಡಾಗಬಹುದು, ಬೆಂಕಿ ಹೊತ್ತಿಕೊಳ್ಳಲೂಬಹುದು.

ಜಾಗ್ರತೆಯ ಮನುಷ್ಯನೂ ಸಾಲದು

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ನಮ್ಮಲ್ಲಿ ಮೊದಲು ಮೈನ್ ಸ್ವಿಚ್ ಆಫ್ ಮಾಡಿಯೇ ಜನರೇಟರ್ ಹಾಕುವುದು." ಈ ಮಾತಿನಲ್ಲಿ ಅಪ್ರಾಮಾಣಿಕತೆಯಿಲ್ಲ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಹಾಗೆಯೇ ನಡೆದೀತು. ಆದರೆ ಒಂದು ಮಳೆಗಾಲದಲ್ಲಿ ಜನರೇಟರ್ ಹಾಕುವ ಪ್ರಸಂಗ ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. ಹಾಕುವವರು ಪ್ರತಿಸಲವೂ ಒಬ್ಬರೇ ಆಗಿರುವುದಿಲ್ಲ. ಅನುಭವಸ್ಥ ಕೆಲಸಗಾರ ರಜೆಯಲ್ಲಿದ್ದಾಗ ಹೊಸ ಹುಡುಗನೋ, ಮಾಲಕರ ಮನೆಯವರೋ ಆ ಕೆಲಸ ಮಾಡುತ್ತಾರೆ. ಕತ್ತಲು, ಮಳೆ, ಕೌಂಟರಿನಲ್ಲಿ ಕಾಯುವ ಗಿರಾಕಿ, ಒಲೆಯಲ್ಲಿ ಬೇಯುತ್ತಿರುವ ಸರಕು ಇವುಗಳ ನಡುವೆ ಒಂದು ಹೆಜ್ಜೆ ತಪ್ಪಿಹೋಗುವುದು ಮನುಷ್ಯ ಸಹಜ.

ವಿದ್ಯುತ್ ತಂತ್ರಜ್ಞರು ಈ ಸತ್ಯವನ್ನು ಬಹಳ ಹಿಂದೆಯೇ ಅರಿತುಕೊಂಡರು. ಎರಡು ಸ್ವಿಚ್ಚುಗಳು ಏಕಕಾಲಕ್ಕೆ ಮುಚ್ಚಬಾರದೆಂದಾದರೆ, ಹಾಗೆ ಮಾಡಬೇಡಿ ಎಂದು ಫಲಕ ಬರೆದು ತೂಗುಹಾಕಿದರೆ ಸಾಲದು. ಹಾಗೆ ಮಾಡಲು ಸಾಧ್ಯವೇ ಆಗದಂತೆ ಅವುಗಳನ್ನು ಕಟ್ಟಬೇಕು. ಇದಕ್ಕೆ ಇಂಟರ್‌ಲಾಕ್ ಎಂದು ಹೆಸರು. ಕನ್ನಡದಲ್ಲಿ ಪರಸ್ಪರ ತಡೆ ಎನ್ನಬಹುದು. ಜಾಗ್ರತೆಯು ಮನುಷ್ಯನ ನೆನಪಿನಲ್ಲಿದ್ದರೆ ಒಂದು ದಿನ ಮರೆತುಹೋಗುತ್ತದೆ, ಕಬ್ಬಿಣದಲ್ಲಿದ್ದರೆ ಮರೆಯುವುದಿಲ್ಲ ಎಂಬುದೇ ಇದರ ಸಾರ.

ರೈಲ್ವೆ ಗೇಟಿನಿಂದ ಕಲಿಯಬೇಕಾದ ಪಾಠ

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ರೈಲ್ವೆ ಗೇಟು ಸುಲಭವಾದ ದೃಷ್ಟಾಂತ. ಸಿಗ್ನಲಿನೊಂದಿಗೆ ಇಂಟರ್‌ಲಾಕ್ ಆಗಿರುವ ಗೇಟಿನಲ್ಲಿ, ಗೇಟನ್ನು ಪೂರ್ಣ ಮುಚ್ಚಿ ಬೀಗ ಬೀಳುವ ತನಕ ರೈಲಿಗೆ ಹಸಿರು ಸಿಗ್ನಲ್ ಕೊಡಲು ಬರುವುದಿಲ್ಲ. ಹಸಿರು ಸಿಗ್ನಲ್ ಕೊಟ್ಟ ಮೇಲೆ ಗೇಟು ತೆರೆಯಲು ಬರುವುದಿಲ್ಲ. ಗೇಟ್‌ಮನ್ ಎಷ್ಟು ಜಾಗರೂಕನೆಂಬ ಪ್ರಶ್ನೆಯನ್ನು ಆ ಕೀಲಿಯೇ ಅನಾವಶ್ಯಕವಾಗಿಸಿದೆ. ವಿದ್ಯುತ್ ಕ್ಷೇತ್ರದ ಕೀಲಿ ಇಂಟರ್‌ಲಾಕಿನ ತತ್ತ್ವವೂ ಇದೇ. ನಮ್ಮ ಎಲೆಕ್ಟ್ರಿಷಿಯನ್ನರು ಇಂದಿಗೂ ಅದನ್ನು ಕ್ಯಾಸೆಲ್ ಕೀ ಎನ್ನುತ್ತಾರೆ; 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಸ್ವಿಚ್ ಸಾಧನಗಳಿಗೆ ಅಳವಡಿಸಿ ಪ್ರಚಾರಕ್ಕೆ ತಂದ ಸಂಸ್ಥೆಯ ಹೆಸರು ಅದು.

ದೊಡ್ಡ ಘಟಕವೊಂದರಲ್ಲಿ ಎರಡು ಪರಿವರ್ತಕಗಳಿದ್ದು, ಎರಡು ಪ್ರತ್ಯೇಕ ಬಸ್‌ಬಾರುಗಳಿಗೆ ವಿದ್ಯುತ್ ಕೊಡುತ್ತವೆ, ನಡುವೆ ಎರಡನ್ನೂ ಕೂಡಿಸುವ ಬಸ್ ಕಪ್ಲರ್ ಎಂಬ ಮೂರನೆಯ ಬ್ರೇಕರ್ ಇದೆ ಎಂದು ಭಾವಿಸೋಣ. ಮೂರನ್ನೂ ಒಟ್ಟಿಗೆ ಮುಚ್ಚಬಾರದು. ಆದ್ದರಿಂದ ಮೂರು ಬ್ರೇಕರುಗಳಿಗೆ ಒಂದೇ ಮಾದರಿಯ ಬೀಗ, ಆದರೆ ಕೀಲಿಗಳು ಎರಡೇ. ಕೀಲಿ ಹಾಕದೆ ಬ್ರೇಕರ್ ಮುಚ್ಚಲಾಗದು. ಬ್ರೇಕರ್ ತೆರೆಯದೆ ಕೀಲಿ ಹೊರಗೆ ಬಾರದು. ಇಷ್ಟಾದರೆ ಯಾವ ಸಮಯದಲ್ಲಾದರೂ ಎರಡಕ್ಕಿಂತ ಹೆಚ್ಚು ಬ್ರೇಕರುಗಳು ಮುಚ್ಚಿರಲು ಸಾಧ್ಯವೇ ಇಲ್ಲ.

ಈ ತತ್ತ್ವ ನಮ್ಮ ಹಳೆಯ ಅಂಗಡಿಗಳಲ್ಲಿ ಅರಿವಿಲ್ಲದೆಯೇ ಬಳಕೆಯಲ್ಲಿದ್ದದ್ದು ಸ್ವಾರಸ್ಯಕರ. ಎರಡು ಸಾಲು ಕಿಟ್‌ಕ್ಯಾಟ್ ಫ್ಯೂಸ್ ಬುಡಗಳು, ಒಂದು ಮೆಸ್ಕಾಂಗೆ, ಒಂದು ಜನರೇಟರಿಗೆ. ಅಲ್ಲಿ ಫ್ಯೂಸ್ ಹಿಡಿಗಳು ಮೂರೇ ಇದ್ದರೆ, ಇಲ್ಲಿಂದ ಕಿತ್ತು ಅಲ್ಲಿಗೆ ಸಿಕ್ಕಿಸಬೇಕಾಗುತ್ತದೆ. ಅದು ಒರಟಾದರೂ ಒಂದು ಬಗೆಯ ಇಂಟರ್‌ಲಾಕ್ ಹೌದು. ಆದರೆ ಪ್ರತಿಸಲ ಕಿತ್ತು ಹಾಕುವ ತೊಂದರೆ ಏಕೆಂದು ಅಂಗಡಿಯಿಂದ ಇನ್ನೂ ಮೂರು ಹಿಡಿಗಳನ್ನು ತಂದ ದಿನವೇ ಆ ರಕ್ಷಣೆ ಮುಗಿಯಿತು. ಕ್ಯಾಸೆಲ್ ಕೀಲಿಗೆ ನಕಲು ಕೀಲಿ ಮಾಡಿಸಿ ಮೇಜಿನ ಡ್ರಾವರಿನಲ್ಲಿ ಇಡುವುದೂ, ಇಂಟರ್‌ಲಾಕಿನ ಸಹಾಯಕ ಕಾಂಟ್ಯಾಕ್ಟನ್ನು ತುಂಡು ವಯರಿನಿಂದ ಶಾರ್ಟ್ ಮಾಡುವುದೂ ಇದೇ ಬಗೆಯ ಕೃತ್ಯ. ಅನುಕೂಲಕ್ಕಾಗಿ ಮಾಡಿದ ಈ ಸಣ್ಣ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಪತ್ರದಲ್ಲಿ ಬರುವುದಿಲ್ಲ, ಅವಘಡವಾದ ದಿನ ಮಾತ್ರ ಹೊರಬೀಳುತ್ತದೆ.

ಯಾರಿಗೆ ಯಾವುದು ತಕ್ಕದ್ದು

ಅಂಗಡಿ, ಬೇಕರಿ, ಸಣ್ಣ ಗಿರಣಿಗಳಿಗೆ ಒಂದೇ ಹಿಡಿಯ ಚೇಂಜ್‌ಓವರ್ ಸ್ವಿಚ್ ಸಾಕು. ಅದಕ್ಕೆ ಮೂರು ನಿಲುವು: ಮೆಸ್ಕಾಂ, ಶೂನ್ಯ, ಜನರೇಟರ್. ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ಕಡೆ ತಾನಾಗಿ ತೆರೆದಿರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ನ್ಯೂಟ್ರಲ್. ತ್ರಿಫೇಸ್ ಘಟಕಕ್ಕೆ ನಾಲ್ಕು ಪೋಲಿನ ಸ್ವಿಚ್ಚನ್ನೂ, ಸಿಂಗಲ್ ಫೇಸಿಗೆ ಎರಡು ಪೋಲಿನದನ್ನೂ ಬಳಸಿ ಫೇಸಿನೊಂದಿಗೆ ನ್ಯೂಟ್ರಲ್ಲನ್ನೂ ಬದಲಾಯಿಸಬೇಕು. ಫೇಸನ್ನು ಮಾತ್ರ ಕತ್ತರಿಸಿ ನ್ಯೂಟ್ರಲ್ಲನ್ನು ಕೂಡಿಸಿಯೇ ಬಿಟ್ಟರೆ, ನಮ್ಮ ಘಟಕದ ದೋಷವೊಂದು ಆ ನ್ಯೂಟ್ರಲ್ ತಂತಿಯ ಮೂಲಕ ಹೊರಗಿನ ಕಂಬಕ್ಕೆ ವೋಲ್ಟೇಜನ್ನು ಒಯ್ಯಬಲ್ಲದು. ಸೋರಿಕೆ ಹಿಡಿಯುವ ಆರ್.ಸಿ.ಸಿ.ಬಿ. ಸಾಧನಗಳ ಕಾರ್ಯವೂ ಕೆಡುತ್ತದೆ.

ವಿದ್ಯುತ್ ಹೋದೊಡನೆ ತಾನಾಗಿ ಜನರೇಟರ್ ಚಾಲೂ ಆಗುವ ಎ.ಎಂ.ಎಫ್. ಪ್ಯಾನೆಲ್ ಇರುವ ಘಟಕಗಳಲ್ಲಿ ಎರಡು ಕಾಂಟ್ಯಾಕ್ಟರುಗಳೋ ಬ್ರೇಕರುಗಳೋ ಇರುತ್ತವೆ. ಅಲ್ಲಿ ಎರಡು ಹಂತದ ತಡೆ ಬೇಕು. ಒಂದು, ಮೆಸ್ಕಾಂ ಕಾಂಟ್ಯಾಕ್ಟರ್ ಮುಚ್ಚಿರುವ ತನಕ ಜನರೇಟರ್ ಕಾಂಟ್ಯಾಕ್ಟರಿನ ಕಾಯಿಲ್‌ಗೆ ವಿದ್ಯುತ್ ಹೋಗದಂತೆ ಮಾಡುವ ವಿದ್ಯುತ್ ಇಂಟರ್‌ಲಾಕ್. ಇನ್ನೊಂದು, ಎರಡರ ನಡುವಿನ ಲೋಹದ ಸನ್ನೆಯಿಂದಾಗುವ ಯಾಂತ್ರಿಕ ಇಂಟರ್‌ಲಾಕ್. ವಿದ್ಯುತ್ ಇಂಟರ್‌ಲಾಕ್ ಒಂದೇ ಸಾಕೆಂದು ಪ್ಯಾನೆಲ್ ತಯಾರಕರು ಹೇಳಿದರೆ ಒಪ್ಪಬಾರದು. ಕಾಂಟ್ಯಾಕ್ಟುಗಳು ಕಾದು ಬೆಸೆದುಕೊಂಡಾಗ, ಅಥವಾ ಯಾರೋ ಕೈಯಿಂದ ಕಾಂಟ್ಯಾಕ್ಟರನ್ನು ಒತ್ತಿದಾಗ, ಅಡ್ಡ ನಿಲ್ಲುವುದು ಲೋಹದ ಆ ಸನ್ನೆಯೊಂದೇ.

ಇವೆಲ್ಲಕ್ಕಿಂತ ಅಪಾಯಕಾರಿಯಾದ ಜೋಡಣೆ ಎರಡೂ ತುದಿಗೆ ಪಿನ್ ಇರುವ ವಯರು. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಇಲ್ಲಿ ಇಂಟರ್‌ಲಾಕಿನ ನೆರಳೂ ಇಲ್ಲ. ಕಳಚಿದ ಪಿನ್ನನ್ನು ಮುಟ್ಟಿದವರಿಗೂ ಆಘಾತ, ಕಂಬದ ಮೇಲಿದ್ದವರಿಗೂ ಆಘಾತ. ಮದುವೆ, ನೇಮ, ಯಕ್ಷಗಾನಗಳಿಗೆ ಬಾಡಿಗೆ ಜನರೇಟರ್ ತಂದು ಸಭಾಭವನದ ವಯರಿಂಗಿಗೆ ತಾತ್ಕಾಲಿಕವಾಗಿ ಕೂಡಿಸುವಾಗಲೂ ಇಂತಹದೇ ಸಾಹಸಗಳು ನಡೆಯುತ್ತವೆ. ಬಾಡಿಗೆಗೆ ಜನರೇಟರ್ ಕೊಡುವ ವ್ಯವಹಾರದಲ್ಲಿರುವವರು ಚೇಂಜ್‌ಓವರ್ ಇಲ್ಲದ ಕಟ್ಟಡಕ್ಕೆ ಸಂಪರ್ಕ ಕೊಡುವುದಿಲ್ಲವೆಂಬ ನಿಯಮವನ್ನು ತಾವಾಗಿಯೇ ಇರಿಸಿಕೊಂಡರೆ ಅದು ಅವರ ವ್ಯವಹಾರದ ಘನತೆಯನ್ನೂ ಹೆಚ್ಚಿಸೀತು.

ಒಂದು ಬಿದ್ದರೆ ಇನ್ನೊಂದೂ ಬೀಳಬೇಕು

ಹೈಟೆನ್ಷನ್ ಸಂಪರ್ಕವಿದ್ದು ಸ್ವಂತ ಪರಿವರ್ತಕ ಹೊಂದಿರುವ ಸದಸ್ಯರು ಇಂಟರ್‌ಟ್ರಿಪ್ ಎಂಬ ಎರಡನೆಯ ವ್ಯವಸ್ಥೆಯನ್ನೂ ತಿಳಿದಿರಬೇಕು. ಇಂಟರ್‌ಲಾಕ್ ಎಂದರೆ "ನಾನು ಮುಚ್ಚಿರುವಾಗ ನೀನು ಮುಚ್ಚುವಂತಿಲ್ಲ" ಎಂಬ ತಡೆ. ಇಂಟರ್‌ಟ್ರಿಪ್ ಎಂದರೆ "ನಾನು ತೆರೆದರೆ ನೀನೂ ತೆರೆಯಬೇಕು" ಎಂಬ ಆಜ್ಞೆ.

ಬೆಳ್ಳಾರೆಯಲ್ಲಿರುವಂತಹ 33/11 ಕೆ.ವಿ. ಉಪಕೇಂದ್ರವೊಂದರಲ್ಲಿ ಎರಡು ಪರಿವರ್ತಕಗಳು ಜೊತೆಯಾಗಿ ಕೆಲಸ ಮಾಡುತ್ತಿವೆ ಎಂದಿಟ್ಟುಕೊಳ್ಳೋಣ. ಒಂದರ ಒಳಗೆ ದೋಷ ಕಂಡು ಅದರ 33 ಕೆ.ವಿ. ಬದಿಯ ಬ್ರೇಕರ್ ಬಿದ್ದಿತು. ಅಷ್ಟಕ್ಕೇ ದೋಷ ನಿಲ್ಲುವುದಿಲ್ಲ. ಇನ್ನೊಂದು ಪರಿವರ್ತಕ 11 ಕೆ.ವಿ. ಬಸ್‌ಬಾರಿನ ಮೂಲಕ ಹಿಂಬದಿಯಿಂದ ಆ ದೋಷಕ್ಕೆ ವಿದ್ಯುತ್ ಉಣಿಸುತ್ತಲೇ ಇರುತ್ತದೆ. ಆದ್ದರಿಂದ 33 ಕೆ.ವಿ. ಬ್ರೇಕರ್ ಬಿದ್ದೊಡನೆ ಅದೇ ಪರಿವರ್ತಕದ 11 ಕೆ.ವಿ. ಬ್ರೇಕರನ್ನೂ ಬೀಳಿಸುವ ಸಂಕೇತ ಹೋಗಬೇಕು. ಒಂದೇ ಆವರಣದಲ್ಲಾದರೆ ಇದಕ್ಕೆ ಎರಡು ಬ್ರೇಕರುಗಳ ನಡುವಿನ ಸಾದಾ ನಿಯಂತ್ರಣ ತಂತಿ ಸಾಕು. ದೂರದ ಎರಡು ಕೇಂದ್ರಗಳ ನಡುವೆಯಾದರೆ ಪೈಲಟ್ ತಂತಿ, ವಿದ್ಯುತ್ ಮಾರ್ಗದ ಮೇಲೆಯೇ ಹೋಗುವ ಕ್ಯಾರಿಯರ್ ಸಂಕೇತ ಅಥವಾ ಆಪ್ಟಿಕಲ್ ಫೈಬರ್ ಬಳಸುತ್ತಾರೆ.

ಕಾರ್ಖಾನೆಯ ಮಟ್ಟದಲ್ಲಿಯೂ ಇದೇ ನ್ಯಾಯ. ಪರಿವರ್ತಕದ 11 ಕೆ.ವಿ. ಬ್ರೇಕರ್ ಬಿದ್ದಾಗ ಕೆಳಬದಿಯ 433 ವೋಲ್ಟಿನ ಬ್ರೇಕರೂ ಬೀಳದಿದ್ದರೆ, ಕೆಳಗಿನ ಜನರೇಟರೋ ಸೌರ ಇನ್ವರ್ಟರೋ ಪರಿವರ್ತಕವನ್ನು ಹಿಂದಿನಿಂದ ಜೀವಂತವಾಗಿಡಬಹುದು. ಮೇಲಿನ ಬ್ರೇಕರ್ ತೆರೆದಿದೆ, ಪರಿವರ್ತಕ ಸತ್ತಿದೆ ಎಂದು ನಂಬಿ ಹತ್ತಿರ ಹೋದವರ ಗತಿ ಹೇಳಬೇಕಾಗಿಲ್ಲ.

ಇಂಟರ್‌ಟ್ರಿಪ್ ಕುರಿತು ಇನ್ನೊಂದು ಮಾತು. ಸಾಮಾನ್ಯವಾಗಿ ಬಳಸುವ ಷಂಟ್ ಟ್ರಿಪ್ ಕಾಯಿಲ್ ಕೆಲಸ ಮಾಡಬೇಕಾದರೆ ಬ್ಯಾಟರಿಯಲ್ಲಿ ಜೀವವಿರಬೇಕು. ಟ್ರಿಪ್ ಬ್ಯಾಟರಿ ಬತ್ತಿಹೋಗಿದ್ದರೆ ಪ್ಯಾನೆಲಿನ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬೇಕಾದ ಕ್ಷಣದಲ್ಲಿ ಮಾತ್ರ ಆಜ್ಞೆ ತಲುಪುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ, ಮಳೆಗಾಲಕ್ಕೆ ಮುನ್ನ, ಹೊರೆಯನ್ನು ಇಳಿಸಿ ಮೇಲಿನ ಬ್ರೇಕರನ್ನು ಬೀಳಿಸಿ ಕೆಳಗಿನದು ಬೀಳುತ್ತದೆಯೇ ಎಂದು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಬೇಕು.

ಸೌರ ವಿದ್ಯುತ್ತಿನ ಹೊಸ ಪ್ರಶ್ನೆ

2024ರ ಫೆಬ್ರವರಿಯಲ್ಲಿ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆ ಬಂದ ಬಳಿಕ ಮನೆಗಳ ಚಾವಣಿಯಲ್ಲಿ ಸೌರ ಘಟಕಗಳು ಹೆಚ್ಚುತ್ತಿವೆ. ಉದ್ದಿಮೆಗಳೂ ಹಿಂದೆ ಬಿದ್ದಿಲ್ಲ. ಗ್ರಿಡ್‌ಗೆ ಕೂಡುವ ಇನ್ವರ್ಟರಿನೊಳಗೆ ಒಂದು ರಕ್ಷಣೆ ಅಡಕವಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳ ಪ್ರಕಾರ, ಹೊರಗಿನ ಸರಬರಾಜು ಕಡಿದು ನಮ್ಮ ಘಟಕ ದ್ವೀಪದಂತೆ ಉಳಿದ 2 ಸೆಕೆಂಡುಗಳೊಳಗೆ ಅದು ವಿದ್ಯುತ್ ಕೊಡುವುದನ್ನು ನಿಲ್ಲಿಸಬೇಕು. ಜೊತೆಗೆ, ಸಿಬ್ಬಂದಿ ಬಂದು ತೆರೆದು ಬೀಗ ಹಾಕಬಹುದಾದ ಪ್ರತ್ಯೇಕ ಸ್ವಿಚ್ಚೂ ಇರಬೇಕು. ಆ ಸ್ವಿಚ್ಚಿನ ಮುಂದೆ ಗೋಣಿಚೀಲ ಪೇರಿಸಿಡುವುದಾಗಲಿ, ಅದನ್ನು ಬೀಗ ಹಾಕಿದ ಕೋಣೆಯೊಳಗೆ ಇಡುವುದಾಗಲಿ ಸಲ್ಲದು.

ಆದರೆ ಜನರೇಟರೂ ಸೌರ ಘಟಕವೂ ಒಂದೇ ಬಸ್‌ಬಾರಿನಲ್ಲಿದ್ದರೆ ವಿಷಯ ಜಟಿಲವಾಗುತ್ತದೆ. ಇನ್ವರ್ಟರ್ ಜನರೇಟರಿನ ವಿದ್ಯುತ್ತನ್ನೇ ಗ್ರಿಡ್ ಎಂದು ಭಾವಿಸಿ ತಾನೂ ಉತ್ಪಾದನೆ ಆರಂಭಿಸುತ್ತದೆ. ಘಟಕದ ಹೊರೆ ಕಡಿಮೆಯಿದ್ದರೆ ಉಳಿದ ಶಕ್ತಿ ಜನರೇಟರಿನೊಳಕ್ಕೇ ನುಗ್ಗುತ್ತದೆ. ಒಂದೋ ಜನರೇಟರ್ ನಡೆಯುವಾಗ ಸೌರ ಬ್ರೇಕರ್ ಮುಚ್ಚದಂತೆ ಇಂಟರ್‌ಲಾಕ್ ಮಾಡಬೇಕು, ಇಲ್ಲವೇ ಹಿಮ್ಮುಖ ಶಕ್ತಿಯನ್ನು ಅಳೆದು ತಡೆಯುವ ನಿಯಂತ್ರಕವನ್ನು ಅಳವಡಿಸಬೇಕು. ಸೌರ ಘಟಕ ಮಾರುವವರನ್ನು ಸಬ್ಸಿಡಿಯ ಮೊತ್ತದ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿರಿ.

ಕಾನೂನು ಏನೆನ್ನುತ್ತದೆ

ಇದೆಲ್ಲ ಹೊಸ ಕಟ್ಟಳೆಯೆಂದು ತಿಳಿಯಬಾರದು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ, ಹೈಟೆನ್ಷನ್ ವ್ಯವಸ್ಥೆಗೆ ಸಂಬಂಧಿಸಿದ 64-ಎ ನಿಯಮದಲ್ಲಿ, ಈ ಮಾತುಗಳಿದ್ದವು. ಅನಂತರ 2003ರ ವಿದ್ಯುತ್ ಅಧಿನಿಯಮದಡಿ 2010ರಲ್ಲಿ ಬಂದ ಸುರಕ್ಷತಾ ನಿಯಮಗಳೂ, ಅವುಗಳ ಸ್ಥಾನದಲ್ಲಿ 2023ರಲ್ಲಿ ಬಂದ ನಿಯಮಗಳೂ ಅದೇ ಜಾಡಿನಲ್ಲಿವೆ. ಅವುಗಳ ತಾತ್ಪರ್ಯ ಹೀಗಿದೆ: ಜೊತೆಯಾಗಿ ನಡೆಸಲು ಉದ್ದೇಶಿಸದ ಎರಡು ಅಥವಾ ಹೆಚ್ಚು ಮೂಲಗಳಿದ್ದರೆ, ಅವು ಅಚಾತುರ್ಯದಿಂದ ಕೂಡದಂತೆಯೂ ಹಿಮ್ಮುಖವಾಗಿ ಹರಿಯದಂತೆಯೂ ಅವುಗಳ ಬ್ರೇಕರುಗಳನ್ನು ಇಂಟರ್‌ಲಾಕ್ ಮಾಡಬೇಕು, ಪರಿವರ್ತಕಗಳು ಜೊತೆಯಾಗಿ ನಡೆಯುತ್ತಿದ್ದರೆ ಒಂದರ ಪ್ರಾಥಮಿಕ ಬ್ರೇಕರ್ ಬಿದ್ದಾಗ ಅದರ ದ್ವಿತೀಯ ಬ್ರೇಕರೂ ಬೀಳಬೇಕು. ಮೇಲೆ ವಿವರಿಸಿದ ಇಂಟರ್‌ಲಾಕ್ ಮತ್ತು ಇಂಟರ್‌ಟ್ರಿಪ್ ಇವೇ.

ಈ ನಿಯಮವನ್ನು 650 ವೋಲ್ಟಿಗಿಂತ ಮೇಲಿನ ವ್ಯವಸ್ಥೆಗೆ ಬರೆಯಲಾಗಿದೆ, ನಮ್ಮದು 415 ವೋಲ್ಟ್ ತಾನೇ ಎಂದು ಕೆಲವರು ಕೇಳಬಹುದು. ಆದರೆ ನಮ್ಮ 415 ವೋಲ್ಟ್ ಪರಿವರ್ತಕದ ಆಚೆ 10,500 ಆಗುತ್ತದೆಂಬುದನ್ನು ಆಗಲೇ ನೋಡಿದೆವು. ಮೇಲಾಗಿ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣನಾದವನನ್ನು ಕಾನೂನು ವೋಲ್ಟೇಜ್ ಕೇಳಿ ಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಇದಕ್ಕೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಹಿಂದಿನ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಾಗಿತ್ತು. ಅವಘಡವಾದ ಮೇಲೆ ತನಿಖೆಯವರು ಮೊದಲು ನೋಡುವುದು ಜನರೇಟರಿನ ಜೋಡಣೆಯನ್ನೇ.

ಸರಬರಾಜುದಾರರ ಹೊಣೆ ಇಲ್ಲವೇ?

ಖಂಡಿತ ಇದೆ. ದುರಸ್ತಿಗೆ ಮುನ್ನ ಉಪಕೇಂದ್ರದಿಂದ ಲೈನ್ ಕ್ಲಿಯರ್ ಪಡೆಯಬೇಕು, ಕೆಲಸದ ಸ್ಥಳದ ಎರಡೂ ಬದಿಗೆ ತಂತಿಯನ್ನು ಭೂಸಂಪರ್ಕಗೊಳಿಸಬೇಕು ಎಂಬುದು ಲೈನ್ ಕೆಲಸದ ಮೂಲಪಾಠ. ಎರಡೂ ಬದಿ ಎಂದು ಹೇಳಿರುವುದೇ ಹಿಮ್ಮುಖ ವಿದ್ಯುತ್ತಿನ ಭಯದಿಂದ. ಸಿಬ್ಬಂದಿಗೆ ಭೂಸಂಪರ್ಕದ ರಾಡ್, ಕೈಗವಸು, ವೋಲ್ಟೇಜ್ ಪರೀಕ್ಷಕಗಳನ್ನು ಸಾಕಷ್ಟು ಒದಗಿಸುವುದೂ, ಒಬ್ಬರನ್ನೇ ರಾತ್ರಿ ಕಂಬಕ್ಕೆ ಕಳುಹಿಸದಿರುವುದೂ ಕಂಪೆನಿಯ ಕರ್ತವ್ಯ. ಈ ವಿಷಯದಲ್ಲಿ ವಾಣಿಜ್ಯ ಸಂಘಗಳು ಒತ್ತಾಯಿಸುವುದು ನ್ಯಾಯವೇ ಸರಿ.

ಆದರೆ ಅವರು ರಾಡ್ ಹಾಕುತ್ತಾರೆ, ಆದ್ದರಿಂದ ನಮಗೆ ಸ್ವಿಚ್ ಬೇಡ ಎನ್ನುವುದು ಎದುರಿನವನಿಗೆ ಬ್ರೇಕ್ ಇದೆ, ನಮ್ಮ ವಾಹನಕ್ಕೆ ಬೇಡ ಎಂದಂತೆ. ಮುರಿದ ತಂತಿ ಎಲ್ಲೆಲ್ಲಿ ಬಿದ್ದಿದೆಯೋ ತಿಳಿಯದ ಮಳೆಯ ರಾತ್ರಿಯಲ್ಲಿ ಎರಡು ರಕ್ಷಣೆಗಳಿದ್ದರೂ ಹೆಚ್ಚಾಗದು. ನಮ್ಮ ದೂರವಾಣಿ ಕರೆಗೆ ಓಗೊಟ್ಟು ಕಂಬ ಹತ್ತುವವರು ನಮ್ಮೂರಿನವರೇ. ಸರಬರಾಜು ಬೇಗ ಬರಲಿ ಎಂದು ಅವಸರಪಡಿಸುವವರೂ ನಾವೇ, ಅವರ ಕೈಗೆ ತಗಲುವ ವಿದ್ಯುತ್ತನ್ನು ಹಿಂದಿನಿಂದ ಕಳುಹಿಸುವವರೂ ನಾವೇ ಆಗುವುದು ಯಾವ ನ್ಯಾಯ?

ಖರ್ಚಿನ ಮಾತೂ ಇಲ್ಲಿ ನಿಲ್ಲುವುದಿಲ್ಲ. ಸಣ್ಣ ಘಟಕದ ಚೇಂಜ್‌ಓವರ್ ಸ್ವಿಚ್ಚಿಗೆ ತಗಲುವುದು ಕೆಲವು ಸಾವಿರ ರೂಪಾಯಿಗಳು. ಸುಟ್ಟ ಆಲ್ಟರ್ನೇಟರನ್ನು ಮರುಸುತ್ತಿಸುವ ವೆಚ್ಚದ ಮುಂದೆ ಅದು ಅಲ್ಪ.

ಆಗಬೇಕಾದ ಕೆಲಸಗಳು

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ.

1. ಜನರೇಟರ್ ಹೊಂದಿರುವ ಪ್ರತಿಯೊಬ್ಬ ಸದಸ್ಯರು ಬರುವ ಮುಂಗಾರಿಗೆ ಮುನ್ನ ತಮ್ಮ ಜೋಡಣೆಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸಿ ಲಿಖಿತ ವರದಿ ಪಡೆಯಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಸ್ವಿಚ್ಚುಗಳನ್ನು ಒಟ್ಟಿಗೆ ಮುಚ್ಚಲು ಯಾರಿಗಾದರೂ, ಯಾವ ರೀತಿಯಿಂದಲಾದರೂ ಸಾಧ್ಯವೇ?

2. ಎರಡು ತುದಿಗೂ ಪಿನ್ ಇರುವ ವಯರುಗಳನ್ನೂ, ಹೆಚ್ಚುವರಿ ಫ್ಯೂಸ್ ಹಿಡಿ ಮತ್ತು ನಕಲು ಕೀಲಿಗಳನ್ನೂ ಇಂದೇ ತೆಗೆದುಹಾಕಬೇಕು.

3. ನಮ್ಮ ಸಂಘವು ಚೇಂಜ್‌ಓವರ್ ಸ್ವಿಚ್ಚುಗಳನ್ನು ಸದಸ್ಯರಿಗಾಗಿ ಒಟ್ಟಾಗಿ ಖರೀದಿಸಿದರೆ ಬೆಲೆಯೂ ಇಳಿಯುತ್ತದೆ, ಗುಣಮಟ್ಟವೂ ಒಂದೇ ಆಗಿರುತ್ತದೆ.

4. ಯಾವ ಪರಿವರ್ತಕದಡಿ ಯಾರಲ್ಲಿ ಜನರೇಟರ್ ಅಥವಾ ಸೌರ ಘಟಕವಿದೆ ಎಂಬ ಪಟ್ಟಿಯನ್ನು ಸದಸ್ಯರು ಸ್ವಯಂಪ್ರೇರಿತರಾಗಿ ಮೆಸ್ಕಾಂನ ಶಾಖಾ ಕಚೇರಿಗೆ ಕೊಡಬೇಕು. ಕಂಬ ಹತ್ತುವವರಿಗೆ ತಮ್ಮ ಬೆನ್ನ ಹಿಂದೆ ಎಷ್ಟು ಮೂಲಗಳಿವೆ ಎಂದು ತಿಳಿದಿರುವುದು ಅವರ ಹಕ್ಕು.

5. ಮೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯಗಳು ಈ ಪಟ್ಟಿಯನ್ನು ದಂಡ ವಿಧಿಸುವ ಸಾಧನವಾಗಿ ಬಳಸದೆ, ಮೊದಲ ವರ್ಷ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಭಯವಿದ್ದಲ್ಲಿ ಯಾರೂ ಸತ್ಯ ಹೇಳುವುದಿಲ್ಲ.

ವಿದ್ಯುತ್ ಪೂರೈಕೆ ಸುಧಾರಿಸಬೇಕೆಂಬ ನಮ್ಮ ಬೇಡಿಕೆ ಮುಂದುವರಿಯಲಿ. ಆ ಬೇಡಿಕೆಗೆ ಬಲ ಬರಬೇಕಾದರೆ ನಮ್ಮ ಬದಿಯ ಸ್ವಿಚ್ಚು ಸರಿಯಾಗಿರಬೇಕು. ಮೆಸ್ಕಾಂ ತನ್ನ ಮಾರ್ಗ ಸರಿಪಡಿಸಲು ವರ್ಷಗಳು ಹಿಡಿಯಬಹುದು, ಹಣ ಮಂಜೂರಾಗಬೇಕು, ಅರಣ್ಯ ಇಲಾಖೆ ಒಪ್ಪಬೇಕು. ನಮ್ಮ ಚೇಂಜ್‌ಓವರ್ ಸ್ವಿಚ್ಚಿಗೆ ಯಾರ ಮಂಜೂರಾತಿಯೂ ಬೇಡ, ಒಂದು ದಿನದ ಕೆಲಸ ಸಾಕು. ಮಳೆ ಹಿಡಿಯುವ ಮುನ್ನ ಆ ಒಂದು ದಿನವನ್ನು ಪ್ರತಿಯೊಬ್ಬ ಸದಸ್ಯರೂ ಇದಕ್ಕಾಗಿ ಮೀಸಲಿಡಬೇಕೆಂದು ವಿನಂತಿಸುತ್ತೇನೆ.